ಅಗ್ಗದೂರಿಗೆ ದುಬಾರಿ ಮಂದಿ

ನಮ್ಮಲ್ಲಿ ಕರಾವಳಿಯವರು ಘಟ್ಟ ಹತ್ತಿದ್ದು ದುಡಿಯಲಿಕ್ಕೆ. ಉಡುಪಿ ಕಡೆಯ ಹುಡುಗ ಬೆಂಗಳೂರಿಗೆ ಬಂದು, ಲೋಟ ತೊಳೆದು, ಮಾಣಿಯಾಗಿ, ಗಲ್ಲಾಪೆಟ್ಟಿಗೆಯವರೆಗೆ ಬಡ್ತಿ ಪಡೆದು, ಕೊನೆಗೆ ತನ್ನದೇ ಹೋಟೆಲಿಗೆ ಕೃಷ್ಣನ ಹೆಸರಿಟ್ಟ. ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ದುಡಿಯಲಿಕ್ಕೆ ಕರಾವಳಿ, ದುಡಿದದ್ದು ಕೈಗೆ ಹತ್ತಬೇಕಾದರೆ ಒಳನಾಡು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ ವರ್ಷಕ್ಕೆ ಎರಡು ಲಕ್ಷ ಡಾಲರ್ ಎಣಿಸುವ ನಮ್ಮ ಹುಡುಗ ಊರಿಗೆ ಫೋನ್ ಮಾಡಿ, ‘ಇಲ್ಲಿ ಬದುಕೋದೇ ಕಷ್ಟ ಆಗ್ಬಿಟ್ಟಿದೆ ಅಮ್ಮ’ ಎನ್ನುತ್ತಾನೆ. ಅಮ್ಮ ಅದನ್ನು ಭಜನಾ ಮಂಡಳಿಯಲ್ಲಿ ಹೇಳುವಂತಿಲ್ಲ, ಹೇಳಿದರೆ ಯಾರೂ ನಂಬುವುದಿಲ್ಲ.

ಆದರೆ ಅವನು ಹೇಳುತ್ತಿರುವುದು ಖರೆ. 2024ರಲ್ಲಿ ಸ್ಯಾನ್ ಹೋಸೆ ವಲಯದ ಒಂಟಿ ಮನೆಗಳ ನಡುಮಟ್ಟದ ಬೆಲೆ 20 ಲಕ್ಷ ಡಾಲರ್ ದಾಟಿತು. ದೇಶದಲ್ಲಿ ಈ ಗಡಿ ದಾಟಿದ ಮೊದಲ ಮಹಾನಗರ ವಲಯ ಅದು. ಈ ಬೆಲೆಗೆ ಸಿಗುವುದು ಅರಮನೆಯಲ್ಲ. 1950ರ ದಶಕದಲ್ಲಿ ಕಾರ್ಖಾನೆಯ ಕೆಲಸಗಾರ ಒಂದೇ ಸಂಬಳದಲ್ಲಿ ಕೊಂಡಿದ್ದ ಮೂರು ಕೋಣೆಯ ಮರದ ಮನೆ. ಕೂಲಿಯವನು ಕೊಂಡಿದ್ದನ್ನು ಇವತ್ತು ಗಂಡ ಹೆಂಡತಿ ಇಬ್ಬರೂ ಇಂಜಿನಿಯರ್‌ಗಳಾಗಿ, ಕಂಪನಿಯ ಷೇರು ಮಾರಿ, ಎರಡೂ ಕಡೆಯ ಅಪ್ಪಂದಿರ ನಿವೃತ್ತಿ ಹಣವನ್ನು ಓರೆಗಣ್ಣಿನಿಂದ ನೋಡಿ ಕೊಳ್ಳಬೇಕು. ಇದಕ್ಕೆ ಅಲ್ಲಿ ಪ್ರಗತಿ ಎಂದು ಹೆಸರು.

ಹೀಗಾಗಿ ಜನ ಗಂಟುಮೂಟೆ ಕಟ್ಟುತ್ತಿದ್ದಾರೆ. 1850ರಲ್ಲಿ ರಾಜ್ಯವಾದ ಕ್ಯಾಲಿಫೋರ್ನಿಯಾ, 2020ರ ಜನಗಣತಿಯ ನಂತರ ತನ್ನ ಇತಿಹಾಸದಲ್ಲೇ ಮೊದಲ ಸಲ ಸಂಸತ್ತಿನ ಒಂದು ಸ್ಥಾನ ಕಳೆದುಕೊಂಡಿತು. 53 ಇದ್ದದ್ದು 52 ಆಯಿತು. ಟೆಕ್ಸಾಸ್ ಎರಡು ಸ್ಥಾನ ಗಳಿಸಿ 38ಕ್ಕೆ ಏರಿತು. ಜನಗಣತಿಗಾಗಿ ಹತ್ತು ವರ್ಷ ಕಾಯುವ ತಾಳ್ಮೆ ಇಲ್ಲದವರು ಯು-ಹಾಲ್ ಕಂಪನಿಯ ಬಾಡಿಗೆ ಲಾರಿಗಳ ದರ ನೋಡಿದರೆ ಸಾಕು. ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸಿಗೆ ಸಾಮಾನು ಸಾಗಿಸಲು ಸಾವಿರಾರು ಡಾಲರ್ ಸುರಿಯಬೇಕು. ಅದೇ ಲಾರಿಯಲ್ಲಿ, ಅದೇ ರಸ್ತೆಯಲ್ಲಿ ಅತ್ತಲಿಂದ ಇತ್ತ ಬರುತ್ತೇನೆಂದರೆ ತೀರಾ ಕಡಿಮೆ. ಹೋದ ಲಾರಿ ಖಾಲಿ ನಿಂತಿರುತ್ತದೆ, ವಾಪಸು ತರುವ ಪುಣ್ಯಾತ್ಮ ಬೇಕಾಗಿರುತ್ತಾನೆ.

ಈ ದುಬಾರಿಗೆ ಸಮುದ್ರ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಮುದ್ರ ಪಾಪದ್ದು, ಯಾರಿಗೂ ಬಾಡಿಗೆ ಹೇಳಿದ್ದಲ್ಲ. ಕಾರಣ ದಡದಲ್ಲಿ ಮೊದಲೇ ಬಂದು ಕೂತ ಸಜ್ಜನರು. ಅವರ ಪರಿಸರ ಕಾಳಜಿ ಎಂಥದ್ದೆಂದರೆ, ಪಕ್ಕದಲ್ಲಿ ಇನ್ನೊಂದು ಮನೆ ಏಳುತ್ತದೆ ಎಂದ ಕೂಡಲೇ ಅವರಿಗೆ ಕಾಡುಪ್ರಾಣಿಗಳ ನೆನಪಾಗುತ್ತದೆ.

ಇದು ಮಾತಿಗೆ ಹೇಳಿದ್ದಲ್ಲ. ಸಿಲಿಕಾನ್ ಕಣಿವೆಯ ಮಗ್ಗುಲಲ್ಲಿ ವುಡ್‌ಸೈಡ್ ಎಂಬ ಸಿರಿವಂತರ ಊರಿದೆ. ಒಂದು ಮನೆಯ ನಿವೇಶನದಲ್ಲಿ ಎರಡು ಮನೆ ಕಟ್ಟಲು ಅವಕಾಶ ಕೊಡುವ ಕಾನೂನನ್ನು ರಾಜ್ಯ ಸರ್ಕಾರ 2021ರಲ್ಲಿ ಮಾಡಿತು. 2022ರ ಆರಂಭದಲ್ಲಿ ಈ ಊರು ತನ್ನ ಇಡೀ ಸರಹದ್ದು ಪ್ಯೂಮಾ ಎಂಬ ಬೆಟ್ಟದ ಸಿಂಹದ ಆವಾಸಸ್ಥಾನವೆಂದೂ, ಆದ್ದರಿಂದ ಹೊಸ ಕಾನೂನು ತನಗೆ ಅನ್ವಯಿಸದೆಂದೂ ಸಾರಿತು. ಒಂದು ನಿವೇಶನದಲ್ಲಿ ಒಂದು ಬಂಗಲೆ, ಈಜುಕೊಳ, ಕುದುರೆ ಲಾಯ ಇದ್ದರೆ ಪ್ಯೂಮಾಕ್ಕೆ ತಕರಾರಿಲ್ಲ. ಎರಡನೇ ಅಡುಗೆಮನೆ ಬಂತೋ, ಅದರ ಸೂಕ್ಷ್ಮ ಮನಸ್ಸು ನೊಂದುಕೊಳ್ಳುತ್ತದೆ. ರಾಜ್ಯದ ಅಟಾರ್ನಿ ಜನರಲ್ ಪತ್ರ ಬರೆದು ಗದರಿದ ಮೇಲೆ ಊರು ಕೆಲವೇ ದಿನಗಳಲ್ಲಿ ಹೇಳಿಕೆ ಹಿಂತೆಗೆದುಕೊಂಡಿತು. ಪ್ಯೂಮಾದ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಬಟ್ಟೆ ಒಗೆಯುವ ಅಂಗಡಿಯೊಂದರ ಮಾಲೀಕ, ಅದನ್ನು ಕೆಡವಿ 75 ಮನೆಗಳ ಕಟ್ಟಡ ಎಬ್ಬಿಸುತ್ತೇನೆಂದ. ಆ ಅಂಗಡಿಗೆ ಐತಿಹಾಸಿಕ ಮಹತ್ವ ಇದೆಯೇ ಎಂದು ಅಧ್ಯಯನ ನಡೆಯಬೇಕಾಯಿತು. ಹಂಪಿಯ ಎಷ್ಟೋ ಮಂಟಪಗಳಿಗೆ ಸಿಗದ ಮುತುವರ್ಜಿ, ನಾಣ್ಯ ಹಾಕಿದರೆ ತಿರುಗುವ ವಾಷಿಂಗ್ ಮೆಷಿನ್ನುಗಳಿಗೆ ಸಿಕ್ಕಿತು. ಬರ್ಕ್ಲಿಯಲ್ಲಿ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ವಸತಿ ಕಟ್ಟಹೊರಟಾಗ, ಆ ವಿದ್ಯಾರ್ಥಿಗಳು ಮಾಡಬಹುದಾದ ಗಲಾಟೆಯ ಪರಿಸರ ಪರಿಣಾಮವನ್ನೂ ಅಳೆಯಬೇಕಿತ್ತೆಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಈ ಎರಡಕ್ಕೂ ಆಧಾರ ರಾಜ್ಯದ 1970ರ ಪರಿಸರ ಕಾನೂನು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ಕಡೆಗೆ ಮನೆಯಲ್ಲಿ ವಾಸಿಸುವ ಮನುಷ್ಯರ ಸದ್ದು ಮಾಲಿನ್ಯವಲ್ಲ ಎಂದು ಹೇಳುವುದಕ್ಕೆ ಅದೇ ವರ್ಷ ಶಾಸನಸಭೆ ಬೇರೆ ಕಾನೂನು ತರಬೇಕಾಯಿತು.

ಸಾಹುಕಾರ ಹೂಡಿಕೆದಾರ ಮಾರ್ಕ್ ಆಂಡ್ರೀಸನ್ 2020ರಲ್ಲಿ ಒಂದು ಲೇಖನ ಬರೆದು, ಅಮೆರಿಕ ಕಟ್ಟುವುದನ್ನೇ ಮರೆತಿದೆ, ಮನೆಗಳನ್ನು ಕಟ್ಟಿ, ನಗರಗಳನ್ನು ಕಟ್ಟಿ ಎಂದು ದೇಶಕ್ಕೆಲ್ಲ ಉಪದೇಶ ಮಾಡಿದರು. 2022ರಲ್ಲಿ ಅವರ ಸ್ವಂತ ಊರಾದ ಆಥರ್ಟನ್‌ನಲ್ಲಿ ಹತ್ತಾರು ಕುಟುಂಬಗಳಿಗೆ ಸಾಲುಮನೆ ಕಟ್ಟುವ ಪ್ರಸ್ತಾಪ ಬಂತು. ಬೇಡವೇ ಬೇಡ ಎಂದು ಬರೆದ ಪತ್ರಗಳಲ್ಲಿ ಅವರ ಮತ್ತು ಅವರ ಮನೆಯವರ ಪತ್ರವೂ ಇತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಕಟ್ಟಿದವರು ಆಥರ್ಟನ್ ನೋಡಿರಲಿಲ್ಲ, ಆದರೂ ಎಂಥ ದೂರದೃಷ್ಟಿ!

ಮೊದಲೇ ಬಂದವರಿಗೆ ಇಷ್ಟೆಲ್ಲ ಧೈರ್ಯ ಕೊಟ್ಟದ್ದು 1978ರಲ್ಲಿ ಮತದಾರರೇ ಪಾಸು ಮಾಡಿದ ‘ಪ್ರಾಪೊಸಿಷನ್ 13’. ಅದರ ಪ್ರಕಾರ ಮನೆ ತೆರಿಗೆಯನ್ನು ಕೊಂಡ ದಿನದ ಬೆಲೆಯ ಮೇಲೆ ಹಾಕಬೇಕು, ಆ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹಾಗಾಗಿ ಒಂದೇ ಬೀದಿಯ ಒಂದೇ ಅಳತೆಯ ಎರಡು ಮನೆಗಳಲ್ಲಿ, 1975ರಿಂದ ಕೂತಿರುವ ಅಜ್ಜ ಕಟ್ಟುವ ತೆರಿಗೆ, ಮೊನ್ನೆ ಬಂದ ಇಂಜಿನಿಯರ್ ಕಟ್ಟುವುದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಅಜ್ಜ ಮನೆ ಬಿಡುವುದಿಲ್ಲ. ಇದ್ದರೆ ಮನೆ ಬೆಲೆ ಏರಿದಷ್ಟೂ ಲಾಭ, ತೆರಿಗೆಯ ಚಿಂತೆಯಿಲ್ಲ. ಮನೆ ಬೆಲೆ ಇಳಿಯಲಿ ಎಂದು ಬಯಸಲು ಅವನಿಗೇನು ಹುಚ್ಚೇ?

ಈಗ ನಮ್ಮವರ ಕಥೆಗೆ ಬರೋಣ. ನಮ್ಮವರು ಸಿಲಿಕಾನ್ ಕಣಿವೆಯ ಸನ್ನಿವೇಲ್‌ನ ಎರಡು ಕೋಣೆಯ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇದ್ದರು. ಪ್ರತಿ ಶನಿವಾರ ಓಪನ್ ಹೌಸ್. ಮನೆ ನೋಡುವ ಈ ಶಾಸ್ತ್ರ ಹೆಣ್ಣು ನೋಡುವ ಶಾಸ್ತ್ರದಂತೆಯೇ, ಬಜ್ಜಿ ಕೇಸರಿಭಾತು ಮಾತ್ರ ಇಲ್ಲ. ನೀವು ಒಪ್ಪಿದರೆ ಸಾಲದು, ಅವರು ಒಪ್ಪಬೇಕು. ಕೇಳಿದ ಬೆಲೆಗಿಂತ ಎರಡು ಲಕ್ಷ ಡಾಲರ್ ಮೇಲೆ ಕೊಡುತ್ತೇನೆಂದು ಬರೆದು, ಜೊತೆಗೆ ‘ನಿಮ್ಮ ಹಿತ್ತಲಿನ ನಿಂಬೆಗಿಡದಡಿ ನಮ್ಮ ಮಗಳು ಆಡುವುದನ್ನು ಕಣ್ತುಂಬ ಕಲ್ಪಿಸಿಕೊಂಡೆವು’ ಎಂದು ಕುಟುಂಬದ ಫೋಟೊ ಲಗತ್ತಿಸಿ ಪ್ರೇಮಪತ್ರ ಕಳಿಸಬೇಕು. ಸೋಮವಾರ ಉತ್ತರ ಬರುತ್ತದೆ. ಯಾರೋ ಇನ್ನೊಬ್ಬರು ಪೂರ್ತಿ ನಗದು ಕೊಟ್ಟು, ಪತ್ರ ಗಿತ್ರ ಬರೆಯದೆ, ನಿಂಬೆಗಿಡದ ಹೆಸರೂ ಎತ್ತದೆ ಮನೆ ಎತ್ತಿಕೊಂಡು ಹೋಗಿರುತ್ತಾರೆ.

ಇಂಥ ಒಂದು ಸೋಮವಾರ ಡಾಲಸ್ ಕಡೆಯಿಂದ ವಾಟ್ಸಾಪಿನಲ್ಲಿ ಫೋಟೊಗಳು ಬಂದವು.

‘ರೀ, ಇಲ್ನೋಡಿ. ಅಕ್ಕನ ಮನೆ ಪ್ಯಾಂಟ್ರಿ ನಮ್ಮ ಬೆಡ್‌ರೂಮಿನಷ್ಟಿದೆ.’

‘ಅದರ ಪಕ್ಕದ್ದು ಏನದು, ಸಿನಿಮಾ ಥಿಯೇಟರಾ?’

‘ಮೀಡಿಯಾ ರೂಮಂತೆ. ಭಾವ ಅಲ್ಲಿ ಕೂತು ಕನ್ನಡ ಸೀರಿಯಲ್ ನೋಡ್ತಾರಂತೆ.’

‘ಎಷ್ಟಂತೆ ಮನೆ?’

ಅವರು ಬೆಲೆ ಹೇಳಿದರು. ಇವರು ಆ ರಾತ್ರಿ ಎಕ್ಸೆಲ್ ತೆರೆದರು. ಒಂದು ಕಾಲಂ ಕ್ಯಾಲಿಫೋರ್ನಿಯಾ, ಒಂದು ಕಾಲಂ ಟೆಕ್ಸಾಸ್. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆ ಶೇ. 13.3ರವರೆಗೂ ಏರುತ್ತದೆ. ಟೆಕ್ಸಾಸ್‌ನಲ್ಲಿ ಸೊನ್ನೆ. ಆ ಸೊನ್ನೆಯನ್ನು ನಮ್ಮವರು ದಪ್ಪಕ್ಷರ ಮಾಡಿ ಹಳದಿ ಬಣ್ಣ ಬಳಿದರು. ಶೇ. 13.3 ಕಟ್ಟಬೇಕಾದರೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿ ಗಳಿಸಬೇಕು ಎಂಬ ಅಡಿಟಿಪ್ಪಣಿ ಅವರ ಕಣ್ಣಿಗೆ ಬೀಳಲಿಲ್ಲ. ಬಡವನಾದವನಿಗೆ ಟೆಕ್ಸಾಸ್ ಅಗ್ಗವೂ ಅಲ್ಲ. ತೆರಿಗೆ ಅಧ್ಯಯನ ಸಂಸ್ಥೆ ಐಟಿಇಪಿಯ 2024ರ ವರದಿ ಪ್ರಕಾರ, ತೀರಾ ಕಡಿಮೆ ಗಳಿಸುವ ಐದನೇ ಒಂದು ಭಾಗದ ಜನ ತಮ್ಮ ಆದಾಯದಲ್ಲಿ ತೆರಿಗೆಗೆ ತೆರುವ ಪಾಲು ಕ್ಯಾಲಿಫೋರ್ನಿಯಾಗಿಂತ ಟೆಕ್ಸಾಸ್‌ನಲ್ಲೇ ಹೆಚ್ಚು. ಆದರೆ ಬಡವರು ಎಕ್ಸೆಲ್ ತೆರೆದು ರಾಜ್ಯ ಆರಿಸುವುದಿಲ್ಲವಾದ್ದರಿಂದ ಆ ಮಾತು ಇಲ್ಲಿ ಅಪ್ರಸ್ತುತ.

ಹೊರಡುವುದೇನು ಸುಲಭವೇ? ಅಮೆರಿಕದವನಾದರೆ ಲಾರಿ ಬಾಡಿಗೆ ಹಿಡಿದು ಹೊರಟುಬಿಡಬಹುದು. ಎಚ್-1ಬಿ ವೀಸಾದ ನಮ್ಮವರು ಇನ್ನೊಂದು ಮಹಾನಗರ ವಲಯಕ್ಕೆ ಕೆಲಸದ ಜಾಗ ಬದಲಿಸಬೇಕಾದರೆ ಕಂಪನಿ ಅರ್ಜಿಯನ್ನು ತಿದ್ದಿ ಮತ್ತೆ ಸಲ್ಲಿಸಬೇಕು. 2015ರಿಂದ ಈ ನಿಯಮ ಬಿಗಿಯಾಗಿದೆ. ಗ್ರೀನ್ ಕಾರ್ಡಿನ ಮೊದಲ ಹಂತದ ಕಾಗದವೂ ಊರಿಗೆ ಅಂಟಿಕೊಂಡಿರುತ್ತದೆ. ಸ್ವಾತಂತ್ರ್ಯದ ನಾಡಿನಲ್ಲಿ ಮನೆ ಬದಲಿಸಲು ವಕೀಲರ ಅಪ್ಪಣೆ ಬೇಕು. ಸಂಬಳದ ಪ್ರಶ್ನೆಯೂ ಇದೆ. 2020ರ ಮೇ ತಿಂಗಳಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್, ಮನೆಯಿಂದ ಕೆಲಸ ಮಾಡಿ, ಎಲ್ಲಿಂದ ಬೇಕಾದರೂ ಮಾಡಿ, ಆದರೆ ಅಗ್ಗದ ಊರಿಗೆ ಹೋದರೆ ಸಂಬಳವೂ ಆ ಊರಿನದೇ ಎಂದು ಸ್ಪಷ್ಟಪಡಿಸಿದರು. ಸ್ಟ್ರೈಪ್ ಕಂಪನಿ ಇನ್ನೂ ಉದಾರಿ. ಊರು ಬಿಡುವವರಿಗೆ ಒಂದೇ ಸಲ 20 ಸಾವಿರ ಡಾಲರ್ ಕೊಟ್ಟು, ಸಂಬಳದಲ್ಲಿ ಶೇ. 10ರವರೆಗೆ ಪ್ರತಿ ವರ್ಷ ಕತ್ತರಿಸಿಕೊಳ್ಳುವ ಯೋಜನೆ ತಂದಿತು. ನೀವು ಬರೆಯುವ ಕೋಡ್ ಅದೇ, ಮುಂಜಾನೆ ಮೂರಕ್ಕೆ ಏಳಿಸುವ ಫೋನ್ ಕರೆಯೂ ಅದೇ. ಆದರೆ ನಿಮ್ಮ ಊರಿನಲ್ಲಿ ಟೊಮೇಟೊ ಅಗ್ಗ, ಆದ್ದರಿಂದ ನಿಮ್ಮ ಮಿದುಳೂ ಅಗ್ಗ.

ಕಂಪನಿಗಳು ತಾವು ಮಾತ್ರ ಸುಮ್ಮನೆ ಕೂರುತ್ತವೆಯೇ? ಟೊಯೊಟಾದ ಅಮೆರಿಕನ್ ಕಚೇರಿ 2017ರ ಹೊತ್ತಿಗೆ ಟಾರೆನ್ಸ್‌ನಿಂದ ಡಾಲಸ್ ಬಳಿಯ ಪ್ಲೇನೋಗೆ ಬಂತು. 2021ರಲ್ಲಿ ಟೆಸ್ಲಾ ಆಸ್ಟಿನ್‌ಗೆ ಬಂತು. 2020ರ ಕೊನೆಗೆ ಆಸ್ಟಿನ್‌ಗೆ ಕೇಂದ್ರ ಕಚೇರಿ ಒಯ್ದ ಒರೇಕಲ್, 2024ರಲ್ಲಿ ನ್ಯಾಶ್‌ವಿಲ್ ಕಡೆ ಕಣ್ಣು ಹಾಕಿತು. ಸಂಸ್ಥಾಪಕ ಲ್ಯಾರಿ ಎಲಿಸನ್ ತಾವೇ ಹಾಗೆಂದರು. ಕಂಪನಿಯ ಹಿಂದೆ ಓಡುವವನು ಗುಡಾರ ಬಿಚ್ಚುವುದಕ್ಕೂ ಪುರುಸೊತ್ತಿಟ್ಟುಕೊಳ್ಳಬೇಕು.

ಅಂತೂ ನಮ್ಮವರು ಡಾಲಸ್‌ನ ಉತ್ತರಕ್ಕಿರುವ ಫ್ರಿಸ್ಕೊ ಸೀಮೆಗೆ ಬಂದಿಳಿದರು. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುತ್ತೇನೆಂದು ಹೆಸರಿಟ್ಟುಕೊಂಡು, ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಲೇ ಇಲ್ಲದ ರೈಲ್ವೆ ಕಂಪನಿಯೊಂದರ ಸ್ಮರಣೆಗೆ ಈ ಊರಿನ ಹೆಸರು. 2000ದ ಜನಗಣತಿಯಲ್ಲಿ 33,714 ಜನರಿದ್ದ ಊರು 2020ರಲ್ಲಿ 2,00,509. ಇಲ್ಲಿ ಹನುಮಂತ ದೇವರ ಗುಡಿ ಇದೆ, ಇಡ್ಲಿ ಇದೆ, ಸುತ್ತಲ ಸೀಮೆಗೆಲ್ಲ ‘ಮಲ್ಲಿಗೆ’ ಹೆಸರಿನ ಕನ್ನಡ ಸಂಘ ಇದೆ, ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಂಸ್ಥೆಯ 2018ರ ವಿಶ್ವ ಕನ್ನಡ ಸಮ್ಮೇಳನವೇ ಡಾಲಸ್‌ನಲ್ಲಿ ನಡೆದಿದೆ. ಬೀದಿಯಲ್ಲಿ ಮಾತ್ರ ಕನ್ನಡಿಗ ಕಲಿಯುವ ಮೊದಲ ಪರಭಾಷೆ ತೆಲುಗು. ಹೊಂದಿಕೊಳ್ಳುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ, ಬೆಂಗಳೂರಿನಲ್ಲಿ ತರಬೇತಿ ಆಗಿರುತ್ತದೆ.

ಮನೆ ದೊಡ್ಡದು. ಎಷ್ಟು ದೊಡ್ಡದೆಂದರೆ ಊಟಕ್ಕೆ ಕರೆಯಲು ಫೋನ್ ಮಾಡಬೇಕು. ಆದರೆ ಈ ಮನೆಗೆ ಬೇಸಿಗೆಯಲ್ಲಿ ನೀರು ಹಾಕಬೇಕು. ಗಿಡಕ್ಕಲ್ಲ, ಮನೆಗೆ. ಇಲ್ಲಿಯ ನೆಲ ಕಪ್ಪು ಜೇಡಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಜೊತೆಗೆ ತಳಪಾಯವನ್ನೂ ಬಿರಿಸುತ್ತದೆ. ಆದ್ದರಿಂದ ತಳಪಾಯದ ಸುತ್ತ ತೂತುಪೈಪು ಹಾಸಿ ನೀರುಣಿಸಬೇಕು. ಗದಗಿನಿಂದ ಬಂದಿದ್ದ ಮಾವನವರು ಮೊದಲ ಸಂಜೆಯೇ ಇದನ್ನು ಕಂಡು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ತಿಕ್ಕಿ ನೋಡಿದರು.

‘ಅಳಿಯಂದ್ರ, ಇದು ನಮ್ಮ ಎರಿ ಮಣ್ಣ ಐತಲ್ರೀ. ಇದರಾಗ ಹತ್ತಿ ಬಿತ್ತತಾರ, ಜ್ವಾಳಾ ಬಿತ್ತತಾರ. ನೀವು ಮನಿ ಬಿತ್ತೀರಿ?’

‘ಇಲ್ಲಿ ಎಲ್ಲರೂ ಹೀಗೇ ನೀರು ಬಿಡ್ತಾರೆ ಮಾವ.’

‘ಬಿಡ್ರಿ, ಬಿಡ್ರಿ. ಸುಗ್ಗಿಗೆ ಇನ್ನೊಂದ ಅಂತಸ್ತು ಬಂದ್ರೂ ಬರಬಹುದು.’

ಎಕ್ಸೆಲ್‌ನ ಹಳದಿ ಸೊನ್ನೆಗೆ ಕೆಳಗಿನಿಂದ ಒಂದೊಂದೇ ಸಾಲು ಸೇರತೊಡಗಿತು. ಆದಾಯ ತೆರಿಗೆ ಇಲ್ಲದ ರಾಜ್ಯ ಶಾಲೆ ನಡೆಸುವುದು ಗಾಳಿಯಿಂದಲ್ಲ, ಮನೆ ತೆರಿಗೆಯಿಂದ. ಹೊಸ ಬಡಾವಣೆಗಳಲ್ಲಿ ಅದು ಮನೆ ಬೆಲೆಯ ಶೇ. 2ರ ಆಸುಪಾಸು. ಏಳು ಲಕ್ಷದ ಮನೆಗೆ ವರ್ಷಕ್ಕೆ 14 ಸಾವಿರ ಡಾಲರ್, ಸಾಲ ತೀರಿದ ಮೇಲೂ, ಸಾಯುವವರೆಗೂ. ಆಲಿಕಲ್ಲು ಬಿದ್ದು ಚಾವಣಿ ಹಾಳಾಗುವುದರಿಂದ ವಿಮೆ ದುಬಾರಿ. ರಸ್ತೆಗೆ ಟೋಲ್. ಬಡಾವಣೆಯ ಸಂಘಕ್ಕೆ ಚಂದಾ, ಹುಲ್ಲು ನಾಲ್ಕು ಬೆರಳು ಹೆಚ್ಚು ಬೆಳೆದರೆ ಸಂಘದಿಂದ ನೋಟಿಸು.

ಹವೆಯ ವಿಷಯ ಹೇಳಲೇಬೇಕು. 2021ರ ಫೆಬ್ರುವರಿಯ ಹಿಮಗಾಳಿಗೆ ಟೆಕ್ಸಾಸ್‌ನ ವಿದ್ಯುತ್ ಜಾಲ ಕುಸಿದು 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ ನಡುಗಿದವು. ರಾಜ್ಯದ ಲೆಕ್ಕದ ಪ್ರಕಾರವೇ 246 ಜನ ಸತ್ತರು. ಕೇಂದ್ರದ ನಿಯಮಗಳು ತಗುಲಬಾರದೆಂದು ಈ ರಾಜ್ಯ ತನ್ನ ಜಾಲವನ್ನು ಬೇರೆ ರಾಜ್ಯಗಳಿಂದ ಹೆಚ್ಚುಕಡಿಮೆ ಬೇರ್ಪಡಿಸಿಕೊಂಡಿತ್ತು. ಹಾಗಾಗಿ ಆಪತ್ತಿಗೆ ಪಕ್ಕದವರಿಂದ ಬೇಕಾದಷ್ಟು ಕರೆಂಟು ತರುವಂತೆಯೂ ಇರಲಿಲ್ಲ. ಜನ ಕುರ್ಚಿ ಮುರಿದು ಒಲೆಗಿಡುತ್ತಿದ್ದಾಗ ಅವರ ಸೆನೆಟರ್ ಟೆಡ್ ಕ್ರೂಜ್ ಕುಟುಂಬ ಸಮೇತ ಮೆಕ್ಸಿಕೊದ ಕಾನ್‌ಕುನ್‌ಗೆ ಹೊರಟರು. ಆಪತ್ಕಾಲದಲ್ಲಿ ಒಳನಾಡಿನಿಂದ ಕರಾವಳಿಗೆ ನಡೆದ ಈ ಏಕೈಕ ವಲಸೆಯನ್ನು ಯಾವ ಜನಗಣತಿಯೂ ದಾಖಲಿಸಲಿಲ್ಲ. ಇನ್ನು 2023ರ ಬೇಸಿಗೆಯಲ್ಲಿ ಆಸ್ಟಿನ್‌ನಲ್ಲಿ ಸತತ 45 ದಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ರಾಯಚೂರಿನವರಿಗೆ ಇದರಲ್ಲಿ ವಿಶೇಷವಿಲ್ಲ. ಆದರೆ ರಾಯಚೂರಿನವರು ಅದನ್ನು ‘ಲೈಫ್‌ಸ್ಟೈಲ್’ ಎಂದು ಕರೆದು ಕುಣಿಯುವುದಿಲ್ಲ.

ಇಷ್ಟಾದರೂ ನಮ್ಮವರಿಗೆ ಸಮಾಧಾನ. ಬಾಡಿಗೆ ಮನೆ ಹೋಗಿ ಸ್ವಂತ ಮನೆ ಬಂತಲ್ಲ. ಆದರೆ ಇವರು ಬರುವ ಮೊದಲು ಊರು ಖಾಲಿ ಬಿದ್ದಿರಲಿಲ್ಲ. ಅಲ್ಲೂ ಜನರಿದ್ದರು, ಶಾಲೆಯ ಟೀಚರು, ಬಸ್ ಚಾಲಕ, ಗಿಟಾರ್ ನುಡಿಸಿ ಬದುಕುವವನು. ಊರು ಅಗ್ಗವಾಗಿದ್ದದ್ದೇ ಅವರ ಸಂಬಳ ಕಡಿಮೆ ಇದ್ದದ್ದರಿಂದ. ಹೊರಗಿನವರಿಗೆ ಅಗ್ಗವಾಗಿ ಕಂಡದ್ದು ಅವರ ಪಾಲಿಗೆ ಸರಿಯಾದ ಬೆಲೆ. ಕರಾವಳಿಯಿಂದ ಬಂದವರು ಹಳೆಯ ಅಪಾರ್ಟ್‌ಮೆಂಟ್ ಮಾರಿದ ಹಣ ತಂದು, ‘ಬರೀ ಐದೂವರೆ ಲಕ್ಷವೇ? ಐವತ್ತು ಸಾವಿರ ಮೇಲೆ ಇಟ್ಟುಕೊಳ್ಳಿ’ ಎಂದಾಗ ಟೀಚರ ಪಾಲಿನ ಬಾಗಿಲು ಮುಚ್ಚಿತು. ‘ಲೈವ್ ಸಂಗೀತದ ರಾಜಧಾನಿ’ ಎಂದು ಆಸ್ಟಿನ್ ಇಂದಿಗೂ ಬೋರ್ಡು ಹಾಕಿಕೊಂಡಿದೆ. ಸಂಗೀತಗಾರರು ಬಾಡಿಗೆ ಕಟ್ಟಲಾಗದೆ ಊರಾಚೆ ಹೋದರೆ ಬೋರ್ಡಿಗೇನು ನಷ್ಟ?

ಐಡಾಹೊ ರಾಜ್ಯದ ಬಾಯ್ಸಿಯಲ್ಲಂತೂ 2019ರ ಮೇಯರ್ ಚುನಾವಣೆಯ ಅಭ್ಯರ್ಥಿಯೊಬ್ಬ ಕ್ಯಾಲಿಫೋರ್ನಿಯಾದವರು ಬಾರದಂತೆ ಗೋಡೆ ಕಟ್ಟಬೇಕೆಂದು ಪ್ರಚಾರ ಮಾಡಿದ. ತಮಾಷೆಗೆ ಹೇಳಿದ್ದು. ಚಪ್ಪಾಳೆ ಮಾತ್ರ ತಮಾಷೆಯದಾಗಿರಲಿಲ್ಲ. ಕೆಲವು ಊರುಗಳು ತದ್ವಿರುದ್ಧ. ಒಕ್ಲಹೋಮಾದ ಟಲ್ಸಾ 2018ರಿಂದ, ಮನೆಯಿಂದ ಕೆಲಸ ಮಾಡುವವರು ಬಂದು ನೆಲೆಸಿದರೆ ದಾನಿ ಪ್ರತಿಷ್ಠಾನವೊಂದರ ಮೂಲಕ 10 ಸಾವಿರ ಡಾಲರ್ ಕೊಡುತ್ತಿದೆ. ವಾಯವ್ಯ ಆರ್ಕನ್ಸಾ ಪ್ರಾಂತ್ಯ 10 ಸಾವಿರದ ಜೊತೆ ಒಂದು ಸೈಕಲ್ಲೂ ಕೊಟ್ಟಿತು. ಮುಖ್ಯ ಷರತ್ತೊಂದೇ: ನೀವು ಆ ರಾಜ್ಯದವರಾಗಿರಬಾರದು. ಅಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಮುದುಕರ ಆರೈಕೆ ಮಾಡುತ್ತಿರುವ ನರ್ಸಮ್ಮನಿಗೆ ಸೈಕಲ್ಲಿನ ಬೆಲ್ಲೂ ಇಲ್ಲ. ಊರು ಬಿಡದೆ ಇದ್ದದ್ದೇ ಆಕೆಯ ಅಪರಾಧ.

ಈಗ ನಮ್ಮವರ ಅಂತರಂಗಕ್ಕೆ ಇಳಿಯೋಣ. ಟೆಕ್ಸಾಸ್‌ನಲ್ಲಿ ಪ್ರತಿ ವಸಂತಕ್ಕೆ ಕೌಂಟಿಯ ಮೌಲ್ಯಮಾಪಕರು ನಿಮ್ಮ ಮನೆಯ ಬೆಲೆ ಇಷ್ಟು ಎಂದು ಚೀಟಿ ಕಳಿಸುತ್ತಾರೆ. ಒಪ್ಪದಿದ್ದರೆ ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಸಲ್ಲಿಸಬೇಕು. ಯುಗಾದಿ ಊಟದ ದಿನ ನಮ್ಮವರು ಹೋಳಿಗೆ ಮುರಿಯುತ್ತಾ, ‘ನಾವು ತಗೊಂಡಾಗ ಆರು, ಈಗ ಎಂಟು ಆಗಿದೆ. ಲೊಕೇಶನ್ ನೋಡಿ ಸ್ವಾಮಿ, ಸ್ಕೂಲ್ ಡಿಸ್ಟ್ರಿಕ್ಟ್ ನೋಡಿ’ ಎನ್ನುತ್ತಾರೆ. ಮೇ ತಿಂಗಳಲ್ಲಿ ಅದೇ ಮನುಷ್ಯ ಮೌಲ್ಯಮಾಪಕರ ಮುಂದೆ, ಗೋಡೆ ಬಿರುಕಿನ ಫೋಟೊ ಹಿಡಿದು, ‘ಇದಕ್ಕೆ ಯಾರು ಕೊಡ್ತಾರೆ ಎಂಟು? ಹಿಂದಗಡೆ ಹೆದ್ದಾರಿ ಸದ್ದು, ಮುಂದಗಡೆ ಟ್ರಾನ್ಸ್‌ಫಾರ್ಮರ್ರು, ತಳಪಾಯ ನೋಡಿದ್ರೆ ಅಳು ಬರುತ್ತೆ’ ಎಂದು ಗೋಗರೆಯುತ್ತಾರೆ. ಹೆಣ್ಣು ಕೊಡುವಾಗಲೂ ಆಡದ ಸುಳ್ಳು, ತೆರಿಗೆ ಕೊಡುವಾಗ ಮಾತ್ರ ಆಡುವ ಸತ್ಯ, ಎರಡೂ ಒಂದೇ ಮನೆಯ ಬಗ್ಗೆ.

ಇದರ ಹಿಂದಿರುವ ತತ್ವ ಸರಳ. ಮನೆ ಕೊಳ್ಳುವ ದಿನದವರೆಗೆ ಅಗ್ಗವಾಗಿರಬೇಕು, ಮರುದಿನ ಬೆಳಿಗ್ಗೆಯಿಂದ ದುಬಾರಿಯಾಗಬೇಕು. ವಸತಿ ಎಲ್ಲರ ಕೈಗೆಟುಕಲಿ ಎನ್ನುವವರು, ನಮ್ಮದನ್ನು ಬಿಟ್ಟು ಉಳಿದ ಮನೆಗಳು ಎಂದು ಮನಸ್ಸಿನಲ್ಲೇ ಸೇರಿಸಿಕೊಂಡಿರುತ್ತಾರೆ.

ಇದಕ್ಕೆ ಅಗ್ನಿಪರೀಕ್ಷೆ ಒಡ್ಡಿದ್ದು ಆಸ್ಟಿನ್. ಆ ಊರು ಯಾವ ಪ್ಯೂಮಾವನ್ನೂ ಕೇಳದೆ ಸಾಲುಸಾಲು ಅಪಾರ್ಟ್‌ಮೆಂಟ್ ಕಟ್ಟಿತು. 2023ರ ಡಿಸೆಂಬರಿನಲ್ಲಿ ಒಂದು ನಿವೇಶನದಲ್ಲಿ ಮೂರು ಮನೆಗೂ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಸಾಲದ ಬಡ್ಡಿ ಬೇರೆ, 2021ರ ಆರಂಭದಲ್ಲಿ ಶೇ. 2.65 ಇದ್ದದ್ದು 2023ರ ಅಕ್ಟೋಬರಿನಲ್ಲಿ ಶೇ. 7.79ಕ್ಕೆ ಜಿಗಿದಿತ್ತು. 2022ರ ವಸಂತದಲ್ಲಿ ತುದಿ ಮುಟ್ಟಿದ ಮನೆ ಬೆಲೆ ಇಳಿಯಿತು, ಬಾಡಿಗೆಯೂ ಇಳಿಯಿತು. ಎಲ್ಲರೂ ಹುಡುಕಿಕೊಂಡು ಬಂದಿದ್ದ ಅಗ್ಗ ಕಡೆಗೂ ಬಂದೇಬಿಟ್ಟಿತು! ದೇವರು ಪ್ರತ್ಯಕ್ಷನಾದರೆ ಭಕ್ತರು ಕುಣಿಯಬೇಕಲ್ಲವೇ? ತುದಿಯ ಬೆಲೆಗೆ ಕೊಂಡವರು ತಲೆಯ ಮೇಲೆ ಕೈಹೊತ್ತು ಕೂತರು. ಬಾಡಿಗೆಯ ಟೀಚರು ಉಸಿರಾಡಿದರೆ, ಪತ್ರಿಕೆಗಳಲ್ಲಿ ಅದು ‘ಮಾರುಕಟ್ಟೆ ಕುಸಿತ’. ಅಕ್ಕಿ ಬೆಲೆ ಇಳಿದರೆ ಸಂತೋಷ, ಪೆಟ್ರೋಲ್ ಇಳಿದರೆ ಸಂತೋಷ, ಮನೆ ಬೆಲೆ ಇಳಿದರೆ ಮಾತ್ರ ಸೂತಕ. ಇಂಥ ಸರಕು ಪ್ರಪಂಚದಲ್ಲಿ ಇನ್ನೊಂದಿಲ್ಲ.

ಆಸ್ಟಿನ್‌ನ ಗತಿ ಕೇಳಿ ನಮ್ಮವರು ಎಚ್ಚೆತ್ತರು. ತಮ್ಮ ಬಡಾವಣೆಯ ಪಕ್ಕದ ಜೋಳದ ಹೊಲದಲ್ಲಿ ಮೂರಂತಸ್ತಿನ ಬಾಡಿಗೆ ಅಪಾರ್ಟ್‌ಮೆಂಟ್ ಬರುತ್ತದೆ ಎಂಬ ಫಲಕ ನೆಟ್ಟಿತ್ತು. ಟೆಕ್ಸಾಸ್ ಕಾನೂನಿನಲ್ಲಿ ಇಂಥವರಿಗೆಂದೇ ಒಂದು ಅಸ್ತ್ರ ಇತ್ತು. ಸುತ್ತಲಿನ 200 ಅಡಿಯೊಳಗಿನ ಜಮೀನಿನಲ್ಲಿ ಐದನೇ ಒಂದು ಪಾಲಿನ ಒಡೆಯರು ತಕರಾರು ಸಲ್ಲಿಸಿದರೆ, ಯೋಜನೆ ಪಾಸಾಗಲು ಊರಿನ ಕೌನ್ಸಿಲ್‌ನಲ್ಲಿ ಮುಕ್ಕಾಲು ಪಾಲು ಮತ ಬೇಕಿತ್ತು. 2025ರಲ್ಲಿ ಶಾಸನಸಭೆ ವಸತಿ ಯೋಜನೆಗಳ ಮಟ್ಟಿಗೆ ಅದರ ಮೊನೆ ಮೊಂಡು ಮಾಡಿತು. ನಮ್ಮವರು ಅದಕ್ಕೂ ಮೊದಲೇ ಬತ್ತಳಿಕೆಗೆ ಕೈ ಹಾಕಿದ್ದರು. ವಾಟ್ಸಾಪ್ ಗುಂಪು ಎದ್ದಿತು. ಕನ್ನಡಿಗರು, ತೆಲುಗರು, ಪಂಜಾಬಿಗಳು, ಒಂದಿಬ್ಬರು ನಿಜವಾದ ಟೆಕ್ಸಾಸಿಗರು. ರಾಜ್ಯೋತ್ಸವಕ್ಕೆ ಬಾರದ ಒಗ್ಗಟ್ಟು ಅಪಾರ್ಟ್‌ಮೆಂಟಿನ ವಿರುದ್ಧ ಬಂತು.

ಸಭೆಯಲ್ಲಿ ಪ್ರತಿಯೊಬ್ಬರಿಗೂ ಮೂರು ನಿಮಿಷ. ನಮ್ಮವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದ್ದು ನಿಂತರು. ‘ನಾವು ಅಭಿವೃದ್ಧಿಯ ವಿರೋಧಿಗಳಲ್ಲ’ ಎಂದು ಶುರು ಮಾಡಿದರು, ಎಲ್ಲ ವಿರೋಧಿಗಳೂ ಹಾಗೇ ಶುರು ಮಾಡುವುದು. ಟ್ರಾಫಿಕ್ ಹೆಚ್ಚುತ್ತದೆ. ಶಾಲೆಯಲ್ಲಿ ಜಾಗ ಸಾಲದು. ಬಾಡಿಗೆಯವರು ಬರುತ್ತಾರೆ, ಬಾಡಿಗೆಯವರಿಗೆ ಊರಿನ ಮೇಲೆ ಅಭಿಮಾನ ಇರುವುದಿಲ್ಲ. ನಾವು ಈ ಊರಿಗೆ ಬಂದದ್ದೇ ಇದರ ನೆಮ್ಮದಿ ನೋಡಿ. ಈ ಊರಿನ ಗುಣಸ್ವಭಾವ ಕೆಡಬಾರದು. ಊರಿನ ಗುಣಸ್ವಭಾವ ಎನ್ನುವಾಗ ಅವರ ಕಂಠ ಸ್ವಲ್ಪ ಗದ್ಗದವಾಯಿತು. ಮೂರು ವರ್ಷ ಹಿಂದೆ ಸನ್ನಿವೇಲ್‌ನ ಬಾಡಿಗೆ ಮನೆಯಲ್ಲಿ ಕೂತು, ಅಲ್ಲಿಯ ಮುದುಕರು ಇದೇ ಮಾತು ಆಡಿದ್ದಕ್ಕೆ ಇವರು ಶಾಪ ಹಾಕಿದ್ದನ್ನು ಬಲ್ಲವರು ಆ ಸಭೆಯಲ್ಲಿ ಒಬ್ಬರೇ ಇದ್ದರು. ಅವರು ಪತಿಯ ಭಾಷಣವನ್ನು ವಿಡಿಯೊ ಮಾಡುತ್ತಿದ್ದರು.

ಅಪಾರ್ಟ್‌ಮೆಂಟ್ ಯೋಜನೆ ಬಿದ್ದುಹೋಯಿತು. ಬಡಾವಣೆಯಲ್ಲಿ ಪಾಟ್‌ಲಕ್ ನಡೆಯಿತು, ಬಿಸಿಬೇಳೆಭಾತಿಗೆ ಪ್ರಶಂಸೆ ಬಂತು. ಆ ಮನೆಗಳಲ್ಲಿ ಇರಬೇಕಾಗಿದ್ದ ಟೀಚರು, ನರ್ಸು, ಇವರದೇ ಕಂಪನಿಗೆ ಹೊಸದಾಗಿ ಸೇರಿದ ಹಾಸನದ ಹುಡುಗ ಎಲ್ಲರೂ ಇನ್ನೂ ಉತ್ತರಕ್ಕೆ, ಸಲೈನಾ ಎಂಬ ಊರಿಗೆ ಸರಿದರು. 2023ರಲ್ಲಿ ಇಡೀ ದೇಶದಲ್ಲಿ ಅತಿ ವೇಗವಾಗಿ ಬೆಳೆದ ಊರೆಂದು ಜನಗಣತಿ ಇಲಾಖೆ ಹೆಸರಿಸಿದ್ದು ಅದನ್ನೇ. ಅಲ್ಲಿಗೆ ಮೊದಲು ಬಂದವರು ಈ ಹೊತ್ತಿಗಾಗಲೇ ತಮ್ಮ ಮೂರು ನಿಮಿಷದ ಭಾಷಣ ಬರೆದಿಟ್ಟುಕೊಂಡಿರಬೇಕು.

ಚಿಂತೆಯೇನಿಲ್ಲ, ಒಳನಾಡು ವಿಶಾಲವಾಗಿದೆ. ಸಲೈನಾ ತುಂಬಿದರೆ ಒಕ್ಲಹೋಮಾ, ಒಕ್ಲಹೋಮಾ ತುಂಬಿದರೆ ಮಿಸೌರಿ, ಅದೂ ತುಂಬಿದರೆ ಒಹಾಯೊ. ಹೋದಲ್ಲೆಲ್ಲ ಹತ್ತಿದ ಏಣಿ ಒದೆಯುತ್ತಾ ಮುಂದೆ ಸಾಗಬಹುದು. ತೊಡಕು ಒಂದೇ. ಅಗ್ಗವನ್ನು ಹುಡುಕಿಕೊಂಡು ಪಶ್ಚಿಮದಿಂದ ಪೂರ್ವಕ್ಕೆ ಹೀಗೇ ನಡೆಯುತ್ತಾ ಹೋದರೆ ಕೊನೆಗೆ ಸಿಗುವ ಊರು ನ್ಯೂಯಾರ್ಕ್.